ಬೆನ್ನ ಹಿಂದಿನ ಸುದ್ದಿ

ರೇಸ್ ಟ್ರ್ಯಾಕಿನಲ್ಲಿ ಅವಳಿಗೆ ಕೊಟ್ಟದ್ದು ಹಳದಿ ಬಾವುಟ. ಬರುವ ಕಾರುಗಳಿಗೆ ಬೆನ್ನು ಮಾಡಿ ತಡೆಗೋಡೆಯ ಹಿಂದೆ ನಿಲ್ಲಬೇಕು. ಮುಂದಿನ ತಿರುವಿನಲ್ಲಿ ಯಾವುದಾದರೂ ಕಾರು ಕೆಟ್ಟು ನಿಂತರೆ ಬಾವುಟ ಬೀಸಿ, ಬರುತ್ತಿರುವವರನ್ನು ಎಚ್ಚರಿಸಬೇಕು. ಎದುರಿಗೆ, ಅವಳತ್ತ ಮುಖ ಮಾಡಿ, ಹಿಂದಿನ ವೇಗದ ಕಾರಿಗೆ ದಾರಿ ಬಿಡಿ ಎನ್ನುವ ನೀಲಿ ಬಾವುಟ ಹಿಡಿದ ಟೈಲರಣ್ಣ. ಅವಳ ಬೆನ್ನ ಹಿಂದಿನದನ್ನು ಅವನು ನೋಡಬೇಕು, ಅವನ ಬೆನ್ನ ಹಿಂದಿನದನ್ನು ಅವಳು. ರೇಸಿನ ಕಾವಲಿಗೆ ನಿಲ್ಲುವ ಮಾರ್ಷಲ್‌ಗಳ ಕ್ಲಬ್ಬಿನಲ್ಲಿ ಮೊದಲ ದಿನ ಕಲಿಸುವುದೇ ಇದು: ತಿರುಗಿ ನೋಡಬೇಡ.

ಅವಳಿಂದ ಆಗದ ಕೆಲಸವೂ ಅದೊಂದೇ. ಎರಡು ವರ್ಷದ ಹಿಂದೆ ಲ್ಯಾಬಿನಿಂದ ಮನೆಗೆ ಹೊರಟಿದ್ದಾಗ ಸ್ಕೂಟರೊಂದು ಹಿಂದಿನಿಂದ ಬಂದು ಗುದ್ದಿತ್ತು. ಮುರಿದ ಮೂಳೆ ಕೂಡಿಕೊಂಡಿತು, ಹೆದರಿಕೆ ಮಾತ್ರ ಬಿಟ್ಟುಹೋಗಲಿಲ್ಲ. ಹತ್ತು ಹೆಜ್ಜೆಗೊಮ್ಮೆ ಹಿಂದೆ ನೋಡುವುದು, ಕೆಲಸ ಮುಗಿದರೆ ಮನೆ ಸೇರಿ ಚಿಲಕ ಹಾಕುವುದು. ನೋಡಿ ನೋಡಿ ಸಾಕಾಗಿ ಅತ್ತಿಗೆ ಅವಳನ್ನು ಇಲ್ಲಿಗೆ ಎಳೆತಂದಿದ್ದರು. ವಾರವಿಡೀ ಶಾಲೆಯ ಬಸ್ಸು ಓಡಿಸುವ ಅತ್ತಿಗೆ, ರೇಸಿನ ದಿನ ಈ ಕಾವಲು ಪೋಸ್ಟಿನ ಮುಖ್ಯಸ್ಥೆ.

ಅವಳ ಮೂರು ತಿಂಗಳ ತರಬೇತಿ ಇವತ್ತಿಗೆ ಮುಗಿಯುತ್ತಿತ್ತು. ಸಂಜೆ ಅತ್ತಿಗೆ ತರಬೇತಿಯ ಹಾಳೆಗೆ ಸಹಿ ಹಾಕಿದರೆ ಅವಳು ಮಾರ್ಷಲ್, ಇಲ್ಲದಿದ್ದರೆ ಇಲ್ಲ. ಅವಳು ಜ್ವರದಲ್ಲಿ ಮಲಗಿದ್ದಾಗ ಬಾಗಿಲು ತಟ್ಟಿದವರು ಈ ಕ್ಲಬ್ಬಿನವರು. ಭಾನುವಾರ ಬರಲಿ ಎಂದು ಅವಳು ಕಾಯತೊಡಗಿದ್ದೂ ಇವರಿಂದಲೇ. ಇದು ಕೈತಪ್ಪಿದರೆ ಮತ್ತೆ ಅದೇ ಚಿಲಕ.

"ಏನೇ, ಕುತ್ತಿಗೆಗೆ ಸ್ಪ್ರಿಂಗ್ ಹಾಕಿಸ್ಕೊಂಡಿದ್ಯಾ?" ಬೆಳಿಗ್ಗೆಯೇ ಅತ್ತಿಗೆ ರೇಗಿಸಿದ್ದರು.

ಬೆಳಗಿನ ರೇಸಿನ ನಾಲ್ಕನೇ ಸುತ್ತಿನಲ್ಲಿ ಬೆನ್ನ ಹಿಂದೆ ಟೈರು ಕಿರುಚಿತು. ಅವಳು ತಿರುಗಿಯೇಬಿಟ್ಟಳು. ಅಲ್ಲಿ ಏನೂ ಆಗಿರಲಿಲ್ಲ. ಆದರೆ ಅಷ್ಟರಲ್ಲಿ ಮುಂದಿನ ತಿರುವಿನಲ್ಲಿ ಬಿಳಿ ಕಾರೊಂದು ಗಿರಕಿ ಹೊಡೆದು ಅಡ್ಡ ನಿಂತಿತ್ತು. ಅವಳ ಬಾವುಟ ಏಳುವುದು ತಡವಾಯಿತು. ಹಿಂದಿನಿಂದ ಬಂದ ಕಾರು ಕೂದಲೆಳೆಯಲ್ಲಿ ತಪ್ಪಿಸಿಕೊಂಡು ಹೋಯಿತು.

ಕ್ಲಬ್ಬಿನಲ್ಲಿ ಒಂದು ಪದ್ಧತಿಯಿದೆ. ಮಧ್ಯಾಹ್ನ ಟೀ ಲೋಟ ಕೈಗೆತ್ತಿಕೊಳ್ಳುವ ಮೊದಲು ಅವರವರ ತಪ್ಪು ಅವರವರೇ ಹೇಳಬೇಕು. ಇನ್ನೊಬ್ಬರ ತಪ್ಪು ಯಾರೂ ಎತ್ತುವಂತಿಲ್ಲ. ಅವಳು ಸುಮ್ಮನಿದ್ದರೆ ನಡೆದುಹೋಗುತ್ತಿತ್ತು.

"ನಾನು ತಿರುಗಿ ನೋಡ್ದೆ," ಎಂದಳು. "ಬಾವುಟ ತಡ ಆಯ್ತು. ನನ್ನಿಂದ ಆ ಬಿಳಿ ಕಾರಿನ ಹುಡುಗನ ಜೀವಕ್ಕೇ ಅಪಾಯ ಆಗ್ತಿತ್ತು."

ಅತ್ತಿಗೆ ಅವಳ ಟೀ ಲೋಟವನ್ನು ಅವಳತ್ತ ಸರಿಸಿದರು. ಅವಳಿಗೆ ಬೈಗುಳವೇ ಹಗುರವೆನಿಸುತ್ತಿತ್ತು.

ಟೈಲರಣ್ಣ ಗಂಟಲು ಸರಿಮಾಡಿಕೊಂಡ. "ನಂದೂ ಒಂದಿದೆ. ನಾನು ಬಾಯಿಗೆ ಹೊಲಿಗೆ ಹಾಕ್ಕೊಂಡು ನಿಂತಿದ್ದೆ. ಹಿಂದೆ ಏನಾಗ್ತಿದೆ ಅಂತ ಹೇಳೋರಿಲ್ದಿದ್ರೆ ಯಾರೇ ಆದ್ರೂ ತಿರುಗ್ತಾರೆ."

ಮಧ್ಯಾಹ್ನದ ರೇಸು ಶುರುವಾದದ್ದೇ ತಡ, ಅವನ ಬಾಯಿಯೂ ಶುರುವಾಯಿತು.

"ಕೆಂಪು ಬರ್ತಿದೆ, ನೆಟ್ಟಗಿದೆ. ಅದರ ಹಿಂದೆ ಎರಡು ನೀಲಿ, ಹೊಸ ಅಳಿಯಂದಿರ ಥರ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಡ್ತಿಲ್ಲ. ಈಗ ಖಾಲಿ. ಒಂದು ಕಾಗೆ ಬಂತು, ಅದಕ್ಕೆ ನೀಲಿ ಬಾವುಟ ತೋರಿಸ್ಲಾ?"

ಅವಳಿಗೆ ನಗು ಬಂತು. ಕಣ್ಣು ಮಾತ್ರ ಮುಂದಿನ ತಿರುವನ್ನು ಬಿಡಲಿಲ್ಲ. ಬೆನ್ನ ಮೇಲೆ ಯಾರೋ ಬೆಚ್ಚಗೆ ಕೈಯಿಟ್ಟಂತಿತ್ತು.

"ಹಸಿರು ಜೋರಾಗೇ... ಬಗ್ಗು!"

ಅವಳು ಬಗ್ಗಿದಳು. ಏಕೆ, ಏನು ಎಂದು ನೋಡಲಿಲ್ಲ. ಹಿಂದೆ ಟೈರುಗೋಡೆಗೆ ಏನೋ ದಡ್ಡನೆ ಬಡಿಯಿತು. ಬಂಪರಿನ ಚೂರೊಂದು ತಲೆಯ ಮೇಲಿಂದ ಹಾರಿ ಹುಲ್ಲಿಗೆ ಬಿತ್ತು. ಮರುಗಳಿಗೆ ಅವಳು ಎದ್ದು ಹಳದಿ ಬಾವುಟ ಬೀಸುತ್ತಿದ್ದಳು.

"ಚಾಲಕ ಇಳಿದ," ಬೆನ್ನ ಹಿಂದಿನ ಸುದ್ದಿ ಬಂತು. "ಕೈಕಾಲು ನೆಟ್ಟಗಿದೆ. ಮುಖ ಮಾತ್ರ ಗಂಟು."

ಕಾರನ್ನು ಎಳೆದೊಯ್ದ ಮೇಲೆ, ಸಂಜೆಗೂ ಕಾಯದೆ, ಅತ್ತಿಗೆ ಬಂದರು. ಹಾಳೆಯನ್ನು ಅವಳ ಬೆನ್ನ ಮೇಲೇ ಇಟ್ಟು ಪೆನ್ನು ಒತ್ತಿದರು.

"ಅಲ್ಲಾಡ್ಬೇಡ, ಸಹಿ ಸೊಟ್ಟ ಆಗತ್ತೆ. ಮುಂದಿನ ರೇಸಿಗೂ ನೀವಿಬ್ಬರೂ ಇಲ್ಲೇ."

"ಬೆಳಿಗ್ಗೆ ಹಾಗಾಯ್ತಲ್ಲ, ಅತ್ತಿಗೆ..."

"ಆಯ್ತು. ನೀನೇ ಹೇಳ್ದೆ. ಮುಗೀತು."

ಅವಳು ಬಾವುಟವನ್ನು ನೆಟ್ಟಗೆ ಹಿಡಿದುಕೊಂಡಳು. ಟೈಲರಣ್ಣನ ಗಂಟಲು ಕೂಗಿ ಕೂಗಿ ಕೂತುಹೋಗಿತ್ತು. ಇನ್ನೂ ಆರು ಸುತ್ತು ಬಾಕಿ. ಅವನು ನೀರು ಕುಡಿದು, ಇನ್ನು ನಿನ್ನ ಸರದಿ ಎಂಬಂತೆ ಗದ್ದ ಎತ್ತಿದ.

ಅವಳು ಅವನ ಹೆಗಲಿನಾಚೆ ನೋಡಿದಳು.

"ನಿಮ್ಮ ಹಿಂದೆ ಎಲ್ಲ ಸರಿ ಇದೆ, ಟೈಲರಣ್ಣ," ಎಂದು ಶುರುಮಾಡಿದಳು. "ಎರಡು ಕಾರು ತಿರುವು ದಾಟಿದ್ವು. ಹಳದಿದು ಸ್ವಲ್ಪ ಕುಂಟ್ತಿದೆ, ಆದ್ರೂ ಹೋಗತ್ತೆ..."