ಮಂಜಿಯ ಲಿವರಿನ ಬಿಳಿ ಚುಕ್ಕೆ

ಉಂಡ ಮೇಲೆ ಹೊಟ್ಟೆ ಉರಿಯುತ್ತದೆಂದು ಮಂಜಿ ಹೊನ್ನಾವರದ ಡಾಕ್ಟರಮ್ಮ ಮಧುರಾ ಅವರ ಬಳಿ ಹೋಗಿದ್ದಳು. ದಿನಾ ತನ್ನೂರು ಮಂಕಿಯಿಂದ ಹೊನ್ನಾವರಕ್ಕೆ ಮೀನು ತಂದು ಮಾರುವವಳು. ಗಿರಾಕಿ ಕಡಿಮೆಯಾದ ಹೊತ್ತಿನಲ್ಲಿ ಹೋಗಿ ಎರಡು ಗುಳಿಗೆ ತಂದರಾಯಿತು ಎಂದುಕೊಂಡಿದ್ದಳು. ಡಾಕ್ಟರಮ್ಮ ಗುಳಿಗೆ ಕೊಟ್ಟರು. ಪಿತ್ತಕೋಶದಲ್ಲಿ ಕಲ್ಲಿದೆಯೇನೋ ನೋಡೋಣವೆಂದು ಹೊಟ್ಟೆಯ ಸ್ಕ್ಯಾನಿಂಗನ್ನೂ ಮಾಡಿಸಿದರು. ಕಲ್ಲೇನೂ ಇರಲಿಲ್ಲ. ಲಿವರಿನಲ್ಲಿ ಒಂದು ಬಿಳಿ ಚುಕ್ಕೆ ಕಂಡಿತು.

"ಹೆದರೂದು ಬೇಡ. ಇಂಥದ್ದು ಎಷ್ಟೋ ಜನಕ್ಕೆ ಇರ್ತದೆ," ಎಂದರು ಡಾಕ್ಟರಮ್ಮ. "ಆದ್ರೆ ಈ ಸ್ಕ್ಯಾನಿಂಗಲ್ಲಿ ಚುಕ್ಕೆ ಉಂಟು ಅಂತಷ್ಟೇ ಕಾಣ್ತದೆ. ಎಂಥ ಚುಕ್ಕೆ ಅಂತ ಖಾತ್ರಿಯಾಗಬೇಕಾದ್ರೆ ಕುಮಟೆಗೆ ಹೋಗಿ ಸಿಟಿ ಸ್ಕ್ಯಾನ್ ಮಾಡಿಸಬೇಕು."

ಲಿವರ್ ಎಂದದ್ದೇ ತಡ, ಉಳಿದ ಮಾತು ಮಂಜಿಯ ಕಿವಿಗೆ ಬೀಳಲಿಲ್ಲ. ಅವಳ ಅಣ್ಣ ಹಮ್ಮ ಹೋದದ್ದು ಲಿವರಿನ ಕ್ಯಾನ್ಸರಿನಿಂದಲೇ. ದೂರದ ಆಸ್ಪತ್ರೆಯಲ್ಲಿ ಇಂಥದ್ದೇ ಯಂತ್ರದೊಳಗೆ ಮಲಗಿ ಬಂದವನು ಒಂದು ಮಳೆಗಾಲವನ್ನೂ ಕಳೆಯಲಿಲ್ಲ.

ಮನೆಗೆ ಬಂದು ಗಂಡನಿಗೆ ಹೇಳಿದಳು, "ನಾ ಹೋಗೂದಿಲ್ಲ. ಹಮ್ಮಣ್ಣನೂ ಹೋಗಿದ್ದ. ಎಂತ ಆತು?"

ಮಾಸ್ತಿ ಜಗಲಿಯಲ್ಲಿ ಬಲೆ ಸರಿಮಾಡುತ್ತ ಕುಳಿತಿದ್ದ. ಮಾತು ಕಡಿಮೆಯ ಮನುಷ್ಯ. ಗಂಟೊಂದನ್ನು ಬಿಗಿದು ಹೇಳಿದ, "ಹಮ್ಮ ಸತ್ತದ್ದು ಯಂತ್ರದಿಂದ ಅಲ್ಲ. ತಡ ಮಾಡಿದ್ದಕ್ಕೆ. ಒಂದ್ಸಲ ತೋರಿಸ್ಕೊಂಡು ಬಾ ಅಂತ ನೀನೇ ಅವನ ಕಾಲು ಹಿಡಿದಿದ್ದೆ."

ಬುಧವಾರ ಬೆಳಿಗ್ಗೆ ಇಬ್ಬರೂ ಕುಮಟೆಯ ಬಸ್ಸು ಹತ್ತಿದರು.

ಸ್ಕ್ಯಾನಿಂಗ್ ಸೆಂಟರಿನಲ್ಲಿ ನರ್ಸು ಅವಳ ಬಳೆ, ಕರಿಮಣಿ ತೆಗೆಸಿ ಮಾಸ್ತಿಯ ಕೈಗೆ ಕೊಟ್ಟಳು. ಅವನು ಅವನ್ನು ಎಲ್ಲಿಡುವುದೆಂದು ತಿಳಿಯದೆ ಅಂಗೈಯಲ್ಲೇ ಹಿಡಿದು ನಿಂತ. ಒಳಗೆ ಮಂಜಿಯನ್ನು ಮಲಗಿಸಿ, ಕೈಯ ನರಕ್ಕೆ ಸೂಜಿ ಹಾಕಿದರು. ಮದ್ದು ಹೋಗುತ್ತಿದ್ದ ಹಾಗೆ ಗಂಟಲಿನಿಂದ ಕಿಬ್ಬೊಟ್ಟೆಯವರೆಗೆ ಬಿಸಿ ಹರಿಯಿತು. ಉಸಿರು ಹಿಡೀರಿ, ಉಸಿರು ಬಿಡಿ ಎಂದು ಯಂತ್ರ ಹೇಳಿದಂತೆ ಮಾಡಿದಳು. ಮುಗಿಯಿತೆಂದು ಏಳಹೊರಟರೆ ಟೆಕ್ನಿಶಿಯನ್ ತಡೆದ.

"ಸ್ವಲ್ಪ ಹಾಗೇ ಮಲಗಿರಿ, ಅಮ್ಮ. ಇನ್ನೊಂದು ಸಲ ತೆಗೀಬೇಕು."

ಅವಳಿಗಿಂತ ಮುಂಚೆ ಹೋದ ಹೆಂಗಸು ಬೇಗನೆ ಹೊರಗೆ ಬಂದಿದ್ದಳು. ತನಗೆ ಮಾತ್ರ ಇನ್ನೊಂದು ಸಲ ಯಾಕೆ? ತಾನಿಲ್ಲದಿದ್ದರೆ ಹೊರಗಿರುವ ಗಂಡ ಗಂಜಿಗೆ ಉಪ್ಪಿದೆಯೇ ಎಂದು ಕೂಡ ಬಾಯಿಬಿಟ್ಟು ಕೇಳುವವನಲ್ಲ ಎಂದು ನೆನೆದಾಗ, ಮಲಗಿದಲ್ಲೇ ಕಣ್ಣೀರು ಕಿವಿಗೆ ಇಳಿಯಿತು. ಕಡೆಯ ಚಿತ್ರವನ್ನೂ ತೆಗೆದರು.

ಹೊರಗೆ ಬಂದರೆ ಬೆಂಚಿನ ಮೇಲೆ ಮಾಸ್ತಿ ಇಲ್ಲ. ತುಂಬಾ ಹೊತ್ತಿನ ಮೇಲೆ ಡಾಕ್ಟರ ಕೋಣೆಯ ಬಾಗಿಲು ತೆರೆದು ಬಂದ. ಕಣ್ಣು ಕೆಂಪಗಾಗಿತ್ತು.

"ಬಾ, ಕರೀತ್ರು," ಎಂದಷ್ಟೇ ಹೇಳಿದ.

ಚಿತ್ರ ನೋಡುವ ಡಾಕ್ಟರು ವಿಶ್ವನಾಥ ಅವಳನ್ನು ಪರದೆಯ ಮುಂದೆ ಕೂರಿಸಿದರು. "ಇದು ನಿಮ್ಮ ಲಿವರ್. ಮದ್ದು ಕೊಟ್ಟ ಕೂಡಲೇ ಚುಕ್ಕೆಯ ಅಂಚು ಮಾತ್ರ ಬೆಳ್ಳಗಾತು, ನೋಡಿ. ನಡುವೆ ಕಪ್ಪೇ ಇದೆ." ಅವರು ಚಿತ್ರ ಬದಲಿಸಿದರು. "ಇದು ಕಡೇದು. ಈಗ ನಡುವೆಯೂ ನಿಧಾನಕ್ಕೆ ತುಂಬಿದೆ. ಹೀಗೆ ತುಂಬೂದು ರಕ್ತನಾಳಗಳ ಗಂಟು. ಕ್ಯಾನ್ಸರ್ ಅಲ್ಲ. ಈ ತುಂಬೂದನ್ನ ನೋಡೂಕೇ ನಿಮ್ಮನ್ನ ಅಷ್ಟು ಹೊತ್ತು ಮಲಗಿಸಿದ್ದು."

ಮಂಜಿ ಪರದೆಯನ್ನೇ ನೋಡಿದಳು. "ತೆಗೀಬೇಕಾಗ್ತದಾ?"

"ಬೇಡ. ಸೂಜಿ ಹಾಕಿ ತುಣುಕು ತೆಗೆಯೂದೂ ಬೇಡ. ಅದರಷ್ಟಕ್ಕೆ ಅದು ಇರ್ತದೆ. ಆರು ತಿಂಗಳು ಬಿಟ್ಟು ಹೊನ್ನಾವರದಲ್ಲೇ ಒಂದು ಸಲ ಸ್ಕ್ಯಾನಿಂಗ್ ಮಾಡಿಸಿ."

"ಮತ್ತೆ ಹೊಟ್ಟೆ ಉರಿ?"

"ಅದು ಗ್ಯಾಸ್ಟ್ರಿಕ್ ಇರಬೇಕು. ಡಾಕ್ಟರಮ್ಮ ಕೊಟ್ಟ ಗುಳಿಗೆ ತಕೊಳ್ಳಿ. ಹೊತ್ತಿಗೆ ಸರಿಯಾಗಿ ಉಣ್ಣಿ."

ಹೊರಗೆ ಬಂದು ಬಳೆ ಹಾಕಿಕೊಳ್ಳುತ್ತ ಮಂಜಿ ಗಂಡನ ಮುಖ ನೋಡಿದಳು. "ನಿಮಗೆ ಮೊದಲೇ ಹೇಳಿದ್ರಾ?"

"ಹೂಂ."

"ಮತ್ತೆ ಅತ್ತದ್ದೆಂತಕ್ಕೆ?"

"ಎಂತ ಇಲ್ಲ ಅಂದ್ರಲ್ಲ, ಅದ್ಕೇ."

"ಅದನ್ನ ಅಲ್ಲೇ ಹೇಳೂಕಾಗ್ಲಿಲ್ವಾ? ನನ್ನ ಜೀವ ಅರ್ಧ ಹೋಗಿತ್ತು."

"ಬಾಯಿ ಬರ್ಲಿಲ್ಲ," ಎಂದ ಮಾಸ್ತಿ.

ಮಂಜಿಗೆ ಸಿಟ್ಟು ಬರಬೇಕಿತ್ತು, ನಗು ಬಂತು. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಇಬ್ಬರೂ ಹೊಟ್ಟೆ ತುಂಬ ಉಂಡರು. ಮಗಳು ದೀಕ್ಷಾಳಿಗೆ ಫೋನು ಮಾಡಿದರೆ ಅವಳು ಆ ಕಡೆಯಿಂದ ಬಿಕ್ಕತೊಡಗಿದಳು. "ಅಪ್ಪನ ಹಾಂಗೇ ನೀನೂ," ಎಂದು ಮಂಜಿ ಗದರಿದಳು.

ಮಂಕಿಯ ಮೇಲೆ ಹೋಗುವ ಭಟ್ಕಳದ ಬಸ್ಸಿನಲ್ಲಿ ಕಿಟಕಿಯ ಬದಿಗೆ ಸೀಟು ಸಿಕ್ಕಿತು. ಶರಾವತಿ ಸೇತುವೆಯ ಗಾಳಿ ಮುಖಕ್ಕೆ ಬಡಿದದ್ದು ಮಂಜಿಗೆ ನೆನಪಿದೆ, ಆಮೇಲಿನದು ನೆನಪಿಲ್ಲ. ಸ್ಕ್ಯಾನಿಂಗಿನ ಮಾತು ಬಂದಂದಿನಿಂದ ಅವಳಿಗೆ ಒಂದು ಗಳಿಗೆಯ ನಿದ್ದೆಯೂ ಸರಿಯಾಗಿ ಬಂದಿರಲಿಲ್ಲ. ಎಚ್ಚರಾದಾಗ ತಲೆ ಮಾಸ್ತಿಯ ಹೆಗಲ ಮೇಲಿತ್ತು, ಬಸ್ಸು ಮುರ್ಡೇಶ್ವರದ ಕ್ರಾಸಿನಲ್ಲಿ ನಿಂತಿತ್ತು.

"ಹೋ, ಮಂಕಿ ದಾಟಿ ಹೋಯ್ತಲ್ಲ. ನಿಮಗೂ ನಿದ್ದೆಯಾ?"

"ನಾ ಎಚ್ಚರಾಗೇ ಇದ್ದೆ. ನಿನ್ನ ಎಬ್ಬಿಸೂಕೆ ಮನಸ್ಸು ಬರ್ಲಿಲ್ಲ," ಎಂದು ಮಾಸ್ತಿ ಚೀಲವೆತ್ತಿಕೊಂಡು ಮುಂದೆ ನಡೆದ.

ಇಬ್ಬರೂ ಇಳಿದು, ರಸ್ತೆ ದಾಟಿ, ಮಂಕಿಗೆ ಮರಳಲು ಹೊನ್ನಾವರದ ಕಡೆಗೆ ಹೋಗುವ ಬಸ್ಸಿಗೆ ಕಾಯುತ್ತ ನಿಂತರು.