ದಪ್ಪ ಬಣ್ಣದ ಟ್ಯಾಂಕು

ನಾನು ಹಲ್ಲಿನ ಸೆಟ್ ಮಾಡುವವನು. ಎಷ್ಟೋ ಬೊಚ್ಚುಬಾಯಿಗಳಿಗೆ ನಗು ಕೊಟ್ಟ ಕೈ ಇದು. ಹೆಬ್ಬೆರಳಿನಷ್ಟಿರುವ ಆಟದ ಯುದ್ಧಟ್ಯಾಂಕಿಗೆ ಬಣ್ಣ ಹಚ್ಚುವುದು ನನಗೆ ನೀರು ಕುಡಿದಷ್ಟು ಸಲೀಸು. ಜಂಬ ಅಂದುಕೊಳ್ಳಿ, ಬೇಜಾರಿಲ್ಲ. ಭಾನುವಾರ ಬಂತೆಂದರೆ ನಾನೂ ಅಣ್ಣನೂ ನಮ್ಮನೆ ಊಟದ ಮೇಜಿಗೆ ಹಸಿರು ಬಟ್ಟೆ ಹಾಸಿ ಯುದ್ಧಕ್ಕೆ ಕೂರುತ್ತಿದ್ದೆವು. ಅಡಿಕೋಲಿನಲ್ಲಿ ಅಳೆದು ಟ್ಯಾಂಕು ಸರಿಸುವುದು, ದಾಳ ಹಾಕಿ ಗುಂಡು ಹೊಡೆಯುವುದು. ಇಬ್ಬರಿಗೂ ಐವತ್ತು ದಾಟಿದೆ. ಗಡ್ಡ ನೆರೆತರೂ ಬುದ್ಧಿ ಬಲಿತಿಲ್ಲವೆಂದು ನನ್ನ ಹೆಂಡತಿ ಗೊಣಗುತ್ತಾ ಅಡುಗೆಮನೆಯಲ್ಲೇ ಬಡಿಸುತ್ತಿದ್ದಳು.

ಅಣ್ಣನಿಗೆ ಬೀಗ ರಿಪೇರಿಯ ಅಂಗಡಿ. ಅವನು ಬ್ರಷ್ಷು ಮುಟ್ಟಿದವನಲ್ಲ. ಅವನ ಸೈನ್ಯಕ್ಕೂ ನಾನೇ ಬಣ್ಣ ಹಚ್ಚುತ್ತಿದ್ದೆ. ಆಮೇಲೆ ಅತ್ತಿಗೆ, ನಾನೂ ಕಲಿಯುತ್ತೇನೆಂದು ಬಂದು, ಎರಡು ವರ್ಷ ಶನಿವಾರ ಮಧ್ಯಾಹ್ನಗಳಲ್ಲಿ ನನ್ನ ಪಕ್ಕ ಕೂತರು. ಬಾಯಿಗೆ ಬಿಡುವಿಲ್ಲ, ಆದರೆ ಕೈ ಮಾತ್ರ ಬಂಗಾರ. ಅವರು ಹಚ್ಚಿದ್ದು ಯಾವುದು, ನಾನು ಹಚ್ಚಿದ್ದು ಯಾವುದು ಎಂದು ನನಗೇ ಗುರುತು ಸಿಗದಂತಾಯಿತು. ಕಾಯಿಲೆ ಬಿದ್ದ ಮೇಲೆ ಬರುವುದು ನಿಂತಿತು. ಹೋದ ವರ್ಷ ತೀರಿಕೊಂಡರು.

ಈಚೆಗೆ ಅಣ್ಣ ಮುರಿದ ಚಕ್ರ, ಸೊಟ್ಟ ಫಿರಂಗಿ ಕೊಳವೆ ಸರಿಮಾಡಿಕೊಡು ಎಂದು ತನ್ನ ಸೈನ್ಯದ ರಟ್ಟಿನ ಡಬ್ಬಿಯೊಂದನ್ನು ಕೊಟ್ಟ. ಅದರಲ್ಲೊಂದು ಟ್ಯಾಂಕು. ಬಣ್ಣ ಗಂಟುಗಂಟಾಗಿ ಮೆತ್ತಿ, ಬಾಗಿಲು ಯಾವುದು ಚಕ್ರ ಯಾವುದು ತಿಳಿಯದಂತಿತ್ತು. ಪಾಪ, ಇವನೇ ಬ್ರಷ್ಷು ಹಿಡಿದಿರಬೇಕು, ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದಾನೆ ಎಂದು ನಕ್ಕೆ. ಕೇಳಬಹುದಿತ್ತು. ಕೇಳುವ ಜಾಯಮಾನ ನನ್ನದಲ್ಲ. ಒಂದು ದಿನ ಥಿನ್ನರಿನಲ್ಲಿ ನೆನೆಹಾಕಿ, ಹಳೇ ಟೂತ್‌ಬ್ರಷ್ಷಿನಲ್ಲಿ ಉಜ್ಜಿ, ನಾಲ್ಕು ದಿನ ಕೂತು ಹೊಸದಾಗಿ ಬಣ್ಣ ಹಚ್ಚಿದೆ. ಚಕ್ರ ಸುತ್ತಿದ ಪಟ್ಟಿಗೆ ಒಣಗಿದ ಕೆಸರಿನ ಬಣ್ಣ ಕೂಡ ಹಾಕಿದ್ದೆ. ಭಾನುವಾರ ಅದನ್ನು ಅಣ್ಣನ ಮುಂದಿಟ್ಟು ಶಭಾಷ್‌ಗಿರಿಗೆ ಕಾದೆ.

ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಹಳೇ ಬಣ್ಣ ಎಲ್ಲಿ ಎಂದ. ತೆಗೆದೆ ಎಂದೆ.

"ಅದು ನಿಮ್ಮತ್ತಿಗೆ ಹಚ್ಚಿದ್ದು ಕಣೋ. ಹಾಸಿಗೇಲಿ ಕೂತ್ಕೊಂಡು. ಕೈ ನಡುಗ್ತಿತ್ತು."

ದಾಳವನ್ನು ಮೇಜಿನ ಮೇಲಿಟ್ಟು ಎದ್ದು ಹೋದ.

ಏಳು ಭಾನುವಾರ ಬರಲಿಲ್ಲ. ಫೋನು ಎತ್ತಲಿಲ್ಲ. ನಾನು ಮಾತ್ರ ಪ್ರತಿ ವಾರ ಹಸಿರು ಬಟ್ಟೆ ಹಾಸಿ ಎರಡೂ ಸೈನ್ಯ ನಿಲ್ಲಿಸಿ ಬಾಗಿಲ ಕಡೆ ನೋಡುತ್ತಿದ್ದೆ. ನನ್ನ ಅಣ್ಣ ನನಗೆ ಬೇಕಾಗಿದ್ದ. ಅವನ ತಕರಾರು, ಅಡಿಕೋಲಿನಲ್ಲಿ ಅವನು ಮಾಡುವ ಮೋಸ, ಎಲ್ಲವೂ ಬೇಕಾಗಿತ್ತು. ಈಗ ಹೆಂಡತಿಯೂ ಗೊಣಗುತ್ತಿರಲಿಲ್ಲ. ಅದು ಇನ್ನೂ ಕಷ್ಟವಾಯಿತು.

ನಾನು ಹಚ್ಚಿದ್ದನ್ನೂ ತೊಳೆದು, ಎಡಗೈಯಲ್ಲಿ ಬ್ರಷ್ಷು ಹಿಡಿದು, ಅತ್ತಿಗೆಯ ಹಾಗೇ ಗಂಟುಗಂಟಾಗಿ ಮೆತ್ತಿ ನೋಡಿದೆ. ಕಳ್ಳ ಸಹಿ ಹಾಕಿದಂತಿತ್ತು. ನಾಚಿಕೆಯಾಗಿ ಮತ್ತೆ ತೊಳೆದೆ. ಎಂಟನೇ ಭಾನುವಾರ ಬರೀ ಲೋಹದ ಟ್ಯಾಂಕು, ಬಣ್ಣದ ಸೀಸೆ, ಬ್ರಷ್ಷು ಹಿಡಿದುಕೊಂಡು ಅಣ್ಣನ ಮನೆಗೆ ಹೋದೆ. ಬಾ ಎನ್ನಲಿಲ್ಲ, ಬಾಗಿಲನ್ನೂ ಹಾಕಲಿಲ್ಲ. ಮೂರನ್ನೂ ಅವನ ಮುಂದಿಟ್ಟೆ.

"ನನ್ನ ಕೈಲಾಗಲ್ಲ ಅಣ್ಣ. ನೀನೇ ಹಚ್ಚು."

ಬ್ರಷ್ಷು ತೆಗೆದುಕೊಂಡ, ಪೊರಕೆ ಹಿಡಿದ ಹಾಗೆ. ಬುಡದ ತನಕ ಅದ್ದಿದ. ಮೇಜಿನ ಮೇಲೆಲ್ಲ ತೊಟ್ಟಿಕ್ಕಿತು. ಹುಟ್ಟಿದಾಗಿನಿಂದ ಮೊದಲ ಸಲ ನಾನು ಬಾಯಿ ಮುಚ್ಚಿಕೊಂಡು ಕೂತೆ. ಒಂದು ಪಕ್ಕ ಬಳಿದಾದ ಮೇಲೆ ತಲೆ ಎತ್ತದೆಯೇ ಕೇಳಿದ.

"ಶನಿವಾರ ನಾನು ಅಂಗಡೀಲಿರ್ತಿದ್ದೆ. ನಿನ್ನ ಪಕ್ಕ ಕೂತು ಅವಳು ಏನ್ ಮಾತಾಡ್ತಿದ್ಲು?"

ಅವನಿಗೆ ಹಿತವಾಗುವಂಥದ್ದು ಏನಾದರೂ ಕಟ್ಟಿ ಹೇಳಬಹುದಿತ್ತು. ಬಾಯಿ ಬರಲಿಲ್ಲ.

"ನಿನ್ನ ಬೈತಿದ್ರು. ಒದ್ದೆ ಟವೆಲ್ ತಂದು ಹಾಸಿಗೆ ಮೇಲೆ ಬಿಸಾಕ್ತೀಯ ಅಂತ."

ಅವನ ಕೈ ನಿಂತಿತು. ನಿಧಾನಕ್ಕೆ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡ.

"ಇನ್ನೂ ಏನೇನ್ ಬೈದ್ಲು? ಒಂದೂ ಬಿಡ್ದೆ ಹೇಳು."