ಮುನ್ನೂರ ಹನ್ನೊಂದು

ಒಟೀಲಿಯಾ ಬಾಗಿಲಿಗೆ ಅಡ್ಡ ಕೈಯಿಟ್ಟಳು.

"ನಿಮಗೇನು ಕೆಲಸ ಇಲ್ಲಿ?"

ಚರ್ಚಿನ ಮೆಟ್ಟಿಲ ಮೇಲೆ ಊರುಗೋಲು ಹಿಡಿದು ನಿಂತಿದ್ದ ಎಂಬತ್ತೆಂಟರ ಬೆಲ್ಮೀರು ಟೋಪಿ ತೆಗೆದ. ಕೊರಳಲ್ಲಿ ಬೆನ್‌ಫಿಕಾ ಫುಟ್‌ಬಾಲ್ ಕ್ಲಬ್ಬಿನ ಕೆಂಪು ಶಾಲು.

"ನೋಡೋಕೆ ಬಂದೆ."

"ಸತ್ತಿದ್ದು ನಿಜಾನೋ ಸುಳ್ಳೋ ಅಂತ ನೋಡೋಕಾ?"

"ಅದೂ ಒಂದು ಅಂತಿಟ್ಕೊ."

ಒಳಗೆ ಶವಪೆಟ್ಟಿಗೆಗೂ ಅದೇ ಕ್ಲಬ್ಬಿನ ಕೆಂಪು ಬಾವುಟ ಹೊದಿಸಿದ್ದರು. ಅದರಲ್ಲಿ ಮಲಗಿದ್ದವನು ಅವಳಪ್ಪ ಜೆರ್ವಾಜಿಯು. ಮೂವತ್ತಾರು ವರ್ಷ ಲಿಸ್ಬನ್ನಿನ ಟ್ರಾಮು ಓಡಿಸಿದವನು, ಅರವತ್ತೆರಡು ವರ್ಷ ಈ ಬೆಲ್ಮೀರುವಿನ ಜೊತೆ ಮಾತು ಬಿಟ್ಟವನು. ಬೆಲ್ಮೀರುವಿನ ಹೊಲಿಗೆ ಅಂಗಡಿ ಅವರದೇ ಬೀದಿಯಲ್ಲಿತ್ತು. ಅಪ್ಪ ಒಂದು ಗುಂಡಿ ಹಾಕಿಸಲೂ ಎರಡು ಸ್ಟಾಪು ಆಚೆ ಹೋಗಿ ಬರುತ್ತಿದ್ದ.

ಜಗಳವೆಲ್ಲ ಒಂದು ನಂಬರಿನದು. ಕ್ಲಬ್ಬಿನ ಸದಸ್ಯರ ಪಟ್ಟಿಯಲ್ಲಿ ಅಪ್ಪ ಮುನ್ನೂರ ಹನ್ನೊಂದು, ಬೆಲ್ಮೀರು ಮುನ್ನೂರ ಹನ್ನೆರಡು. ಸೇರಿದಾಗ ಇಬ್ಬರೂ ಎಲ್ಲೋ ಸಾವಿರಗಳಾಚೆ ಇದ್ದವರು. ಕೆಲವು ವರ್ಷಕ್ಕೊಮ್ಮೆ ಸತ್ತವರ ಹೆಸರು ತೆಗೆದು ಉಳಿದವರನ್ನು ಮೇಲೇರಿಸುತ್ತಾರೆ. ಹಾಗೆ ಇಬ್ಬರೂ ಸಾವಿರಾರು ಹೆಣ ದಾಟಿ, ಒಬ್ಬನ ಬೆನ್ನಿಗೆ ಇನ್ನೊಬ್ಬ ಅಂಟಿಕೊಂಡೇ ಇಲ್ಲಿಯವರೆಗೆ ಬಂದಿದ್ದರು. ಈ ವರ್ಷ ಪಟ್ಟಿ ಮತ್ತೆ ಬದಲಾಗುವುದಿತ್ತು.

"ಕ್ಲಬ್ಬಿಗೆ ತಿಳಿಸಿದ್ಯಾ?" ಬೆಲ್ಮೀರು ಕೇಳಿದ.

ಒಟೀಲಿಯಾಳಿಗೆ ಮೈಯೆಲ್ಲ ಉರಿಯಿತು. ಹೆಣ ಇನ್ನೂ ಮಣ್ಣು ಕಂಡಿಲ್ಲ, ಮುದುಕನಿಗೆ ನಂಬರಿನ ಚಿಂತೆ.

"ತಿಳಿಸಿಲ್ಲ. ತಿಳಿಸೋದೂ ಇಲ್ಲ."

* * *

ಹದಿನೈದು ದಿನದ ಹಿಂದೆ, ಆಸ್ಪತ್ರೆಯಲ್ಲಿ, ಅಪ್ಪ ಅವಳ ಮಣಿಕಟ್ಟು ಹಿಡಿದಿದ್ದ. ಅಮ್ಮನ ಬಗ್ಗೆ ಏನಾದರೂ ಹೇಳಬಹುದೆಂದು ಅವಳು ಬಗ್ಗಿದಳು. ಸಾವಿರದ ಒಂಬೈನೂರ ತೊಂಬತ್ತರಲ್ಲಿ ಅಮ್ಮ ಕಣ್ಣು ಮುಚ್ಚಿದಾಗ ಅಪ್ಪ ವಿಯೆನ್ನಾದಲ್ಲಿ ಕ್ಲಬ್ಬಿನ ಫೈನಲ್ ನೋಡುತ್ತ ಕೂತಿದ್ದ. ಅದನ್ನೂ ಸೋತು ಬಂದ. ಆ ಸಿಟ್ಟು ಅವಳಿಗೆ ಇವತ್ತಿಗೂ ಆರಿಲ್ಲ.

"ನಾನು ಸತ್ತ ಮೇಲೂ ಚಂದಾ ಕಟ್ತಾ ಇರು," ಅಂದ ಅಪ್ಪ. "ಸತ್ತೆ ಅಂತ ಕ್ಲಬ್ಬಿಗೆ ಹೇಳಬೇಡ. ಆ ದರ್ಜಿ ಮುನ್ನೂರ ಹನ್ನೆರಡರಲ್ಲೇ ಸಾಯಬೇಕು."

"ಇನ್ನೂ ಅದೇ ಆಯ್ತಾ, ಅಪ್ಪ?"

"ಸದಸ್ಯರಾಗೋ ಸಾಲಲ್ಲಿ ನನ್ನ ಮುಂದೆ ನುಗ್ಗೋಕೆ ಬಂದವನು ಅವನು. ಕಣ್ಣು ತೊಳೆಯೋಕೆ ಹೋಗಿದ್ದೆ ಅಂತಾನೆ. ನಂಬಬೇಡ."

ನುಗ್ಗಿದ ಕತೆಯನ್ನು ಅವಳು ಹುಟ್ಟಿದಾಗಿನಿಂದ ಕೇಳಿದ್ದಳು. ಕಣ್ಣಿನ ಮಾತು ಬಂದದ್ದು ಅದೇ ಮೊದಲು. ಆದರೂ, ಹೇಳೋದಿಲ್ಲ ಅಂತ ಮಾತು ಕೊಟ್ಟಳು. ಸಾಯುವವನ ಹತ್ತಿರ ವಾದ ಮಾಡಲಾದೀತೇ?

* * *

ಮಾತು ಜೋರಾದದ್ದು ಕೇಳಿ ಅತ್ತೆಯ ಮಗ ನೊರ್ಬೆರ್ಟು ಹೊರಗೆ ಬಂದ.

"ಇವರ ಜೊತೆ ಏನಕ್ಕಾ ಮಾತು? ನಮ್ಮ ಕ್ಲಬ್ಬು ಎಂಟು ಫೈನಲ್ ಸೋತಿದ್ದು ಇವರ ಕಾಲ್ಗುಣದಿಂದ ಅಂತ ಮಾವ ಹೇಳ್ತಿದ್ರು."

"ನಿಮ್ಮ ಮಾವನಂಥವನು ಪಕ್ಕದಲ್ಲಿ ಕೂತಿದ್ರೆ ಇನ್ನೇನಾಗುತ್ತೆ?" ಬೆಲ್ಮೀರು ಅಂದ. "ಎರಡು ಸಲ ಯುರೋಪ್ ಕಪ್ ಗೆದ್ದಿದ್ದೇ ದೊಡ್ಡದು."

ಆ ಎರಡನೆಯ ಕಪ್ಪಿನ ಕತೆ ಬೀದಿಗೆಲ್ಲ ಗೊತ್ತು. ಸಾವಿರದ ಒಂಬೈನೂರ ಅರವತ್ತೆರಡರಲ್ಲಿ ಆಮ್‌ಸ್ಟರ್‌ಡ್ಯಾಮಿನ ಫೈನಲ್ಲನ್ನು ಎಲ್ಲರೂ ಒಂದೇ ರೇಡಿಯೋದ ಸುತ್ತ ನಿಂತು ಕೇಳಿದ್ದರು. ಐದನೆಯ ಗೋಲಿಗೆ ಇವರಿಬ್ಬರೂ ಮೈಮರೆತು ತಬ್ಬಿಕೊಂಡರಂತೆ. ಯಾರನ್ನು ತಬ್ಬಿದ್ದೇವೆಂದು ತಿಳಿದ ಕೂಡಲೇ ಬಿಟ್ಟು, ಕೋಟು ಕೊಡವಿಕೊಂಡು, ಎರಡು ಮೂಲೆಗೆ ಹೋದರಂತೆ.

"ಆ ಸಾಲಲ್ಲಿ ಏನಾಯ್ತು?" ಒಟೀಲಿಯಾ ಕೇಳಿದಳು. "ನಿಮ್ಮ ಬಾಯಲ್ಲಿ ಹೇಳಿ."

ಬೆಲ್ಮೀರು ಅವಳನ್ನೇ ನೋಡಿದ. ಈ ಮನೆಯವರು ಅವನನ್ನು ಇದನ್ನು ಕೇಳಿದ್ದು ಇದೇ ಮೊದಲು.

"ಐವತ್ಮೂರನೇ ಇಸವಿ. ಸ್ಟೇಡಿಯಂ ಕಟ್ಟೋಕೆ ಭಾನುವಾರ ಸಿಮೆಂಟು ಹೊರ್ತಿದ್ವಿ, ಬಿಟ್ಟಿಯಾಗಿ. ಒಂದು ಚೀಲಕ್ಕೆ ನಾವಿಬ್ಬರು. ಅವನ ಕೈ ಜಾರ್ತು, ಚೀಲ ಒಡೀತು, ಸಿಮೆಂಟು ನನ್ನ ಕಣ್ಣಿಗೆ. ಆಮೇಲೆ ಸದಸ್ಯರಾಗೋಕೆ ಸಾಲಲ್ಲಿ ನಿಂತ್ವಿ. ನಾನು ಮುಂದೆ, ಅವನು ಹಿಂದೆ. ಕಣ್ಣುರಿ ತಡೀಲಿಲ್ಲ. ಜಾಗ ನೋಡ್ಕೋ ಅಂತ ಹೇಳಿ ನಲ್ಲಿಗೆ ಹೋದೆ. ಬಂದು ನೋಡಿದ್ರೆ ನನ್ನ ಜಾಗದಲ್ಲಿ ಅವನಿದ್ದ. ಹಿಂದೆ ನಿಂತ್ಕೊ ಅಂದ. ನಿಂತೆ."

"ಒಳ್ಳೇ ಕತೆ ಕಟ್ತೀರಿ," ನೊರ್ಬೆರ್ಟು ನಕ್ಕ.

"ನೀನು ಬಾಯಿ ಮುಚ್ಚು," ಅಂದಳು ಒಟೀಲಿಯಾ. ಕಣ್ಣು ತೊಳೆಯಲು ಹೋದ ಮಾತು ಅಪ್ಪನ ಬಾಯಿಂದಲೇ ಬಂದಿತ್ತು. ಅವಳಿಗೆ ಪೆಟ್ಟಿಗೆಯ ಕಡೆ ನೋಡಲು ನಾಚಿಕೆಯಾಯಿತು. ಜಾರಿದ ಕೈಯೂ ಅಪ್ಪನದೇ, ಜಾಗ ಹೊಡೆದವನೂ ಅಪ್ಪನೇ. ಅರವತ್ತೆರಡು ವರ್ಷ ಮೂತಿ ತಿರುಗಿಸಿಕೊಂಡು ಓಡಾಡಿದ್ದೂ ಅಪ್ಪನೇ.

ತನ್ನ ಕೈಚೀಲದಿಂದ ಅಪ್ಪನ ಸದಸ್ಯತ್ವದ ಕಾರ್ಡನ್ನೂ ಮರಣಪತ್ರದ ಪ್ರತಿಯನ್ನೂ ತೆಗೆದು ಬೆಲ್ಮೀರುವಿನ ಮುಂದೆ ಹಿಡಿದಳು.

"ತಿಳಿಸಲ್ಲ ಅಂತ ನಾನು ಮಾತು ಕೊಟ್ಟಿದೀನಿ. ನೀವು ಕೊಟ್ಟಿಲ್ಲವಲ್ಲ. ನೀವೇ ಹೋಗಿ ತಿಳಿಸಿ."

ಮುದುಕ ಕಾರ್ಡಿನ ಫೋಟೋ ನೋಡಿ, "ಮೂಗು ನೋಡು, ಸೊಕ್ಕಿನದು," ಅಂದು ಎರಡನ್ನೂ ಕೋಟಿನ ಒಳಜೇಬಿಗೆ ಸೇರಿಸಿಕೊಂಡ.

* * *

ಸ್ಮಶಾನದಲ್ಲಿ ಪಾದ್ರಿಯ ಪ್ರಾರ್ಥನೆ ಮುಗಿದು ಪೆಟ್ಟಿಗೆ ಕೆಳಗಿಳಿಯಿತು. ಹಿಡಿ ಮಣ್ಣು ಹಾಕಲು ಜನ ಸಾಲಾಗಿ ನಿಂತರು. ಮೊದಲು ಒಟೀಲಿಯಾ ಹಾಕಿದಳು. ಹಾಕಿ ಪಕ್ಕಕ್ಕೆ ಸರಿದು ನೋಡಿದರೆ, ಸಾಲಿನ ಮುಂದಿನ ತುದಿಯಲ್ಲಿ ಬೆಲ್ಮೀರು ನಿಂತಿದ್ದ. ಒಂದು ಕೈಯಲ್ಲಿ ಮಣ್ಣು, ಇನ್ನೊಂದರಲ್ಲಿ ಊರುಗೋಲು. ಅವನಿಗೂ ಗುಂಡಿಗೂ ನಡುವೆ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ ಖಾಲಿ ಇತ್ತು.

"ನಡೀರಿ ಮುಂದೆ," ಹಿಂದಿನಿಂದ ಯಾರೋ ಗೊಣಗಿದರು.

ಬೆಲ್ಮೀರು ಅಲ್ಲಾಡಲಿಲ್ಲ. ಅವನ ಹಿಂದಿದ್ದ ನೊರ್ಬೆರ್ಟುಗೆ ತಾಳ್ಮೆ ಕೆಟ್ಟಿತು. ಪಕ್ಕದಿಂದ ಬಳಸಿ ಬಂದು ಆ ಖಾಲಿ ಜಾಗಕ್ಕೆ ಕಾಲಿಟ್ಟ. ಊರುಗೋಲು ಅವನ ಮೊಣಕಾಲಿಗೆ ಅಡ್ಡ ಬಂತು.

"ಹಿಂದೆ ನಿಂತ್ಕೊ," ಅಂದ ಬೆಲ್ಮೀರು. "ಆ ಜಾಗದಲ್ಲಿ ಆಗಲೇ ಒಬ್ಬ ಇದಾನೆ."